ಪಿರಮಿಡ್ಡಿನ ಅಡಿಯ ನೀರು: ಅವಸರವೇಕೆ?

ಪ್ರಶ್ನೆ: ಮೆಕ್ಸಿಕೊದ ಚಿಚೆನ್ ಇಟ್ಜಾ ಪಿರಮಿಡ್ಡಿನ ಅಡಿಯಲ್ಲಿ ನೀರು ತುಂಬಿದ ದೊಡ್ಡ ಗುಹೆಯಿದೆಯಂತೆ. ಗೊತ್ತಾಗಿ ಇಷ್ಟು ವರ್ಷವಾದರೂ ಅಗೆದು ನೋಡಿಲ್ಲವೇಕೆ? ಏನನ್ನೋ ಮುಚ್ಚಿಡುತ್ತಿದ್ದಾರೆಯೇ?
– ಒಬ್ಬ ಓದುಗ, ಶಿರಸಿ

ಸಂಪಾದಕರ ಉತ್ತರ: ನಿಮ್ಮ ಕುತೂಹಲ ಮೆಚ್ಚಿದೆ, ಅವಸರ ಮೆಚ್ಚಲಿಲ್ಲ.

ಮುಚ್ಚಿಟ್ಟಿಲ್ಲ ಸ್ವಾಮಿ. ಅಲ್ಲಿನ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ರೆನೆ ಚಾವೇಸ್ ಸೆಗುರಾ ಮತ್ತು ಸಂಗಡಿಗರು 2015ರಲ್ಲಿ ತಾವಾಗಿಯೇ ಪ್ರಕಟಿಸಿದ ಸಂಗತಿಯಿದು. ನೀವು ಹೇಳುವ ಪಿರಮಿಡ್ಡಿನ, ಅಂದರೆ ಕುಕುಲ್ಕಾನ್ ಪಿರಮಿಡ್ಡಿನ, ಬುಡದ ಸುತ್ತ ಎಲೆಕ್ಟ್ರೋಡ್‌ಗಳನ್ನಿಟ್ಟು ನೆಲದೊಳಗೆ ವಿದ್ಯುತ್ ಹರಿಸಿ, ಅದು ಎಲ್ಲಿ ಸಲೀಸಾಗಿ ಹರಿಯಿತು, ಎಲ್ಲಿ ತಡೆಯಿತು ಎಂದು ಅಳೆದರು. ಸುಮಾರು 35 ಮೀಟರ್ ಉದ್ದ, 25 ಮೀಟರ್ ಅಗಲ, 20 ಮೀಟರ್‌ವರೆಗೆ ಆಳದ ಪೊಳ್ಳು ಗೋಚರಿಸಿತು. ಅದಕ್ಕೂ ಪಿರಮಿಡ್ಡಿಗೂ ನಡುವೆ ಐದೇ ಮೀಟರಿನಷ್ಟು ಸುಣ್ಣಕಲ್ಲು! ಒಂದು ಕಲ್ಲನ್ನೂ ಕದಲಿಸದೆ ಇಷ್ಟು ತಿಳಿದಿರುವಾಗ ನೀವು ಗುದ್ದಲಿ ಕೇಳುತ್ತಿದ್ದೀರಿ.

ಚಿಚೆನ್ ಇಟ್ಜಾ ಇರುವ ಉತ್ತರ ಯುಕಟಾನ್‌ನಲ್ಲಿ ನೆಲದ ಮೇಲೆ ಹರಿಯುವ ನದಿಗಳಿಲ್ಲ. ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಕೆಳಗಿಳಿಯುತ್ತದೆ. ಗುಹೆಯ ಚಾವಣಿ ಕುಸಿದಲ್ಲಿ ನೀರಿಗೆ ಬಾಯಿ ತೆರೆಯುತ್ತದೆ. ಅದೇ ಸೆನೋಟೆ. ಆ ಪಿರಮಿಡ್ಡು ಕಟ್ಟಿದ ಮಾಯಾ ಜನ ಕುಡಿದದ್ದು ಈ ನೀರನ್ನು, ಮಳೆದೇವರು ಚಾಕ್‌ಗೆ ಹರಕೆ ಒಪ್ಪಿಸಿದ್ದೂ ಇದರಲ್ಲೇ.

ಅಗೆತದಿಂದ ಲಾಭವಿಲ್ಲವೇ? ಇದೆ. 1930ರ ದಶಕದಲ್ಲಿ ಸುರಂಗ ಕೊರೆದಾಗಲೇ ಇದೇ ಪಿರಮಿಡ್ಡಿನೊಳಗೆ ಇನ್ನೊಂದು ಪಿರಮಿಡ್ಡು, ಜೇಡ್ ಎಂಬ ಹಸಿರು ಕಲ್ಲು ಕೂರಿಸಿದ ಕೆಂಪು ಜಾಗ್ವಾರ್ ಪೀಠ ಸಿಕ್ಕಿದ್ದು. ಒಪ್ಪಿದೆ, ಮುಂದೆ ಹೋಗೋಣ.

ಅದೇ ಊರಿನ ಪವಿತ್ರ ಸೆನೋಟೆಗೆ ಏನಾಯಿತು ನೋಡಿ. ಅಮೆರಿಕದ ಕಾನ್ಸುಲ್ ಆಗಿದ್ದ ಎಡ್ವರ್ಡ್ ಥಾಂಪ್ಸನ್ ಎಂಬ ಮಹಾನುಭಾವ ಆ ಜಮೀನನ್ನೇ ಕೊಂಡು, 1904ರಲ್ಲಿ ಉಕ್ಕಿನ ತೊಟ್ಟಿ ಇಳಿಸಿ ತಳದ ಕೆಸರನ್ನು ಬಾಚಿಸತೊಡಗಿದರು. ಚಿನ್ನ, ಜೇಡ್, ಧೂಪದ ಉಂಡೆಗಳು, ಮನುಷ್ಯರ ಮೂಳೆಗಳು ಮೇಲೆ ಬಂದವು. ಯಾವುದು ಯಾವುದರ ಮೇಲಿತ್ತು, ಯಾವುದು ಮೊದಲು ಬಿದ್ದದ್ದು ಎಂಬುದೆಲ್ಲ ಕಲಸಿಹೋಯಿತು. ಮಾಲು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಸೇರಿತು. ಅದರಲ್ಲೊಂದು ಪಾಲು ಮೆಕ್ಸಿಕೊಗೆ ಮರಳುವ ಹೊತ್ತಿಗೆ 1970 ಬಂದಿತ್ತು.

ಈಗ ನನ್ನ ಮೆಚ್ಚಿನವರ ಕಥೆ. 1966ರಲ್ಲಿ ಊರಿನವರು ಹತ್ತಿರದ ಬಲಾಂಕು ಗುಹೆಯನ್ನು ತೋರಿಸಿದಾಗ ಪುರಾತತ್ವಜ್ಞ ವಿಕ್ಟರ್ ಸೆಗೋವಿಯಾ ಪಿಂಟೊ ಅದರ ಬಾಯಿ ಮುಚ್ಚಿಸಿಬಿಟ್ಟರು. 2018ರಲ್ಲಿ ಗಿಯೆರ್ಮೊ ದೆ ಆಂಡಾ ಅವರ ತಂಡ ಹೊಟ್ಟೆಯ ಮೇಲೆ ತೆವಳುತ್ತಾ ಒಳಹೊಕ್ಕಾಗ 150ಕ್ಕೂ ಹೆಚ್ಚು ವಸ್ತುಗಳು ಇಟ್ಟಲ್ಲೇ ಇದ್ದವು. ಕೆಲವು ಧೂಪಪಾತ್ರೆಗಳ ಸುತ್ತ ಸುಣ್ಣ ಕಟ್ಟಿಕೊಂಡಿತ್ತು; ಪಾತ್ರೆಗಳೊಳಗೆ ಬೀಜ, ಆಹಾರದ ಕುರುಹುಗಳೂ ಉಳಿದಿದ್ದವು. 1966ರಲ್ಲೇ ಎತ್ತಿ ತೊಳೆದು ಕಪಾಟಿಗೆ ಸೇರಿಸಿದ್ದರೆ ಆ ಬೀಜಗಳನ್ನು ಯಾರು ನೋಡುತ್ತಿದ್ದರು?

ನಮ್ಮಲ್ಲೂ ನಿಧಿಯಾಸೆಗೆ ಹಾಳುಗುಡಿಯ ಗರ್ಭಗುಡಿಯನ್ನೇ ಅಗೆದ ಸುದ್ದಿ ಆಗಾಗ ಬರುತ್ತದೆ. ಅದನ್ನು ಓದಿ ಛೇ ಎನ್ನುವವರೇ ಸಂಜೆ ಟಿ.ವಿ. ಮುಂದೆ ಕುಳಿತು, ಮಾಯಾ ಪಿರಮಿಡ್ಡನ್ನು ಅನ್ಯಗ್ರಹದವರು ಕಟ್ಟಿದರೆಂಬ ಕಥೆಗೆ ತಲೆದೂಗುತ್ತಾರೆ. ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಮಾಯಾ ಭಾಷೆಗಳನ್ನಾಡುತ್ತಾ ಅದೇ ನಾಡಿನಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದಾರೆಂದು ಯಾವ ವಾಹಿನಿಯೂ ಹೇಳುವುದಿಲ್ಲ.

ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಚಿನ್ನ ಸಿಕ್ಕರೆ ಯಾರಿಗೆ?’ ಎಂದೂ ಕೇಳಿದ್ದೀರಿ. ಮೆಕ್ಸಿಕೊದ 1972ರ ಕಾನೂನಿನಂತೆ ಅದು ರಾಷ್ಟ್ರದ ಸ್ವತ್ತು. ನಿಮಗೂ ಇಲ್ಲ, ನನಗೂ ಇಲ್ಲ.