ಬಣ್ಣದ ಪುಸ್ತಕ ಮುಚ್ಚಿಟ್ಟ ಟೀಚರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಕೊಡಗಿನ ಒಂದು ವೃದ್ಧಾಶ್ರಮ. 78 ವರ್ಷದ ನಿವೃತ್ತ ಶಿಕ್ಷಕಿ. ಗಂಡ ತೀರಿಕೊಂಡು, ತೋಟ ಮಾರಿದ ಮೇಲೆ ಬಂದವರು. ಮಳೆ ಹಿಡಿದಾಗಿನಿಂದ ಕೋಣೆ ಬಿಟ್ಟು ಹೊರಬರುತ್ತಿಲ್ಲ. ಅರ್ಧ ಊಟಕ್ಕೇ ಏಳುತ್ತಾರೆ, ರಾತ್ರಿ ಮೂರಕ್ಕೇ ಎಚ್ಚರ. ಸಿಬ್ಬಂದಿ ಮಕ್ಕಳ ಬಣ್ಣದ ಪುಸ್ತಕ, ಕ್ರೇಯಾನ್ ಕೊಟ್ಟರೆ ಮುಚ್ಚಿ ಪಕ್ಕಕ್ಕಿಟ್ಟರು. "ಟೀಚರ್‌ಗೆ ಯಾವುದರಲ್ಲೂ ಆಸಕ್ತಿ ಇಲ್ಲ" ಎಂಬುದು ಸಿಬ್ಬಂದಿಯ ಅಳಲು.

30 ವರ್ಷ ಪಾಠ ಹೇಳಿದವರಿಗೆ ಮಕ್ಕಳ ಪುಸ್ತಕ ಕೊಟ್ಟರೆ ಅದು ಅವಮಾನ. ಮೇಲಾಗಿ ಸಂಧಿವಾತದ ಬೆರಳಿಗೆ ತೆಳು ಕ್ರೇಯಾನ್ ಹಿಡಿತ ಸಿಗುತ್ತಿರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮೊದಲು ವೈದ್ಯರು. ವೃದ್ಧರ ಖಿನ್ನತೆ ಅಳೆಯುವ 15 ಪ್ರಶ್ನೆಗಳಲ್ಲಿ ಅಂಕ 8 ಬಂತು. 5 ದಾಟಿದರೆ ಪೂರ್ತಿ ತಪಾಸಣೆ ಬೇಕು. ಥೈರಾಯ್ಡ್, ಬಿ12 ನೋಡಿ ಮನೋವೈದ್ಯರು ಮಾತ್ರೆ ಕೊಟ್ಟರು. ಚಿತ್ರ ಬರೆಸುವುದು ಮಾತ್ರೆಗೆ ಬದಲಿಯಲ್ಲ.

ಬಣ್ಣಕ್ಕೆ ಅವರ ಕೈಗೆ ಗೊತ್ತಿರುವುದನ್ನೇ ಕೊಡಲು ಹೇಳಿದೆವು. ಒಂದು ಚಮಚ ಇನ್‌ಸ್ಟಂಟ್ ಕಾಫಿಪುಡಿಗೆ ಎರಡು ಚಮಚ ಬಿಸಿನೀರು ಹಾಕಿದರೆ ಗಾಢ ಬಣ್ಣ. ನೀರು ಹೆಚ್ಚಿಸುತ್ತ ಇನ್ನೆರಡು ತಿಳಿ ಬಣ್ಣ. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಾದ್ದರಿಂದ, ಆಗ ಅಡುಗೆಗೆ ಬಳಸುವ ಮದ್ದುಸೊಪ್ಪು ಕುದಿಸಿದ ನೇರಳೆ ನೀರೂ ಸಿಕ್ಕಿತು. ಕಾಗದ ದಪ್ಪನೆಯದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಇರಲಿ, ನಾಲ್ಕಂಚಿಗೂ ಟೇಪ್ ಹಾಕಿ ಹಲಗೆಗೆ ಅಂಟಿಸಿ. ತೆಳು ಹಾಳೆ ನೀರು ಕುಡಿದು ಸುರುಟಿಕೊಳ್ಳುತ್ತದೆ. ಪೂರ್ತಿ ಒಣಗುವ ಮುನ್ನ ಒಂದರ ಮೇಲೊಂದು ಪೇರಿಸಿದರೆ ಬೂಷ್ಟು. ಕುಂಚದ ಹಿಡಿಗೆ ಹಳೆಬಟ್ಟೆ ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿ. ಕಾಫಿಬಣ್ಣವನ್ನು ಲೋಟದಲ್ಲಿ ಇಡಲೇಬೇಡಿ, ಮರೆವಿನ ಕಾಯಿಲೆಯವರು ಕುಡಿದುಬಿಡುತ್ತಾರೆ. ಅಗಲ ತಟ್ಟೆ ಸಾಕು. ವಾರಕ್ಕೆರಡು ಬೆಳಿಗ್ಗೆ, 40 ನಿಮಿಷ, ಮೇಜಿಗೆ ನಾಲ್ವರು.

ಮೂರನೇ ದಿನ ಅವರು ಒಂದು ಬೇಲಿ ಬರೆದರು. ಅದರಾಚೆ ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಳ್ಳಿಯ ಅರ್ಧಕ್ಕೆ ಬರುವಾಗ ಕಣ್ಣೀರು. ಗಾಬರಿಯಾದ ಸಿಬ್ಬಂದಿ ಕುಂಚ ತೆಗೆದುಕೊಂಡು "ಅಳಬೇಡಿ ಟೀಚರ್" ಎಂದರು. ಪ್ರಕರಣದಲ್ಲಿ ತಿದ್ದಬೇಕಾದ ದೊಡ್ಡ ತಪ್ಪು ಇದೇ. ಅಳು ಬಂದಾಗ ಕುಂಚ ಕೈಗೆಟುಕುವಲ್ಲೇ ಇರಲಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ. "ಚೆನ್ನಾಗಿದೆ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ, "ಟೀಚರ್, ಈ ಬಳ್ಳಿ ತೋಟದ ಯಾವ ಕಡೆಯದು?" ಎಂದು ಕೇಳಿ. ಕೇಳದೆ ಚಿತ್ರವನ್ನು ಗೋಡೆಗೆ ಹಾಕಬೇಡಿ. "ಇನ್ನು ಬದುಕಿ ಏನು" ಎಂಬ ಮಾತು ಬಂದರೆ ಒಬ್ಬರನ್ನೇ ಬಿಡದೆ ಅಂದೇ ಮನೋವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಸಿಗುತ್ತದೆ.

ಆರನೇ ವಾರ ಊಟ ಸುಧಾರಿಸಿದೆ. ಕಾಫಿಗೆ ಎಷ್ಟು ನೀರೆಂದು ಪಕ್ಕದ ಕೋಣೆಯವರಿಗೆ ಅವರೇ ತೋರಿಸುತ್ತಾರೆ. ನಿದ್ದೆ ಇನ್ನೂ ನಾಲ್ಕಕ್ಕೇ ಮುರಿಯುತ್ತಿದೆ. ಮಾತ್ರೆ ಮತ್ತೊಮ್ಮೆ ನೋಡುವಂತೆ ಮನೋವೈದ್ಯರಿಗೆ ಬರೆಯಲಾಗಿದೆ.