ಓದುಗರ ಪ್ರಶ್ನೆ: ಕಂಪ್ಯೂಟರಿನಲ್ಲಿ ಸರಿ, ಕ್ಲೌಡ್‌ನಲ್ಲಿ ತಪ್ಪು

ಪ್ರಶ್ನೆ: ನನ್ನ ಲ್ಯಾಂಬ್ಡಾ ಫಂಕ್ಷನ್ (ಅಮೆಜಾನ್ ಕ್ಲೌಡ್‌ನಲ್ಲಿ ನಡೆಯುವ ಪ್ರೋಗ್ರಾಂ) ನನ್ನ ಕಂಪ್ಯೂಟರಿನಲ್ಲಿ ಅಮೆಜಾನ್‌ನ ಸ್ಯಾಮ್ ಎಂಬ ಉಪಕರಣದ ‘ಸ್ಯಾಮ್ ಲೋಕಲ್ ಇನ್ವೋಕ್’ ಕಮಾಂಡ್ ಕೊಟ್ಟಾಗ ಸರಿಯಾಗಿ ನಡೆಯುತ್ತದೆ, ಕ್ಲೌಡ್‌ಗೆ ಏರಿಸಿದ ಮೇಲೆ ಡೈನಮೋಡಿಬಿ (ಅಮೆಜಾನ್‌ನ ಡೇಟಾಬೇಸ್) ಟೇಬಲ್ ಓದುವಾಗ ವಿಫಲವಾಗುತ್ತದೆ. ಕಾರಣವೇನು?

ಉತ್ತರ: ಆ ಕಮಾಂಡ್ ನಿಮ್ಮ ಕೋಡನ್ನು ಡಾಕರ್ ಕಂಟೇನರಿನೊಳಗೆ (ಕಂಪ್ಯೂಟರಿನಲ್ಲೇ ಪ್ರತ್ಯೇಕವಾಗಿಟ್ಟ ಆವರಣದಲ್ಲಿ) ನಡೆಸುವುದರಿಂದ ಭಾಷೆಯ ಆವೃತ್ತಿ, ಲೈಬ್ರರಿಗಳ ಮಟ್ಟಿಗೆ ಕ್ಲೌಡನ್ನು ಬಹಳಷ್ಟು ಹೋಲುತ್ತದೆಯಾದರೂ, ಅನುಮತಿಗಳ ವಿಷಯದಲ್ಲಿ ಹೋಲುವುದಿಲ್ಲ: ನಿಮ್ಮ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ನಿಮ್ಮ ಸ್ವಂತ ಖಾತೆಯ ಅಧಿಕಾರ, ಕ್ಲೌಡ್‌ನಲ್ಲಿ ಫಂಕ್ಷನ್ನಿಗೆ ಕೊಟ್ಟಿರುವ ರೋಲ್‌ನ (ಅನುಮತಿಗಳನ್ನು ಹೊತ್ತ ಗುರುತಿನ) ಅಧಿಕಾರ. ಆದ್ದರಿಂದ ಮೊದಲು ‘ಸ್ಯಾಮ್ ಲಾಗ್ಸ್’ ಮೂಲಕ ದೋಷಸಂದೇಶವನ್ನು ಓದಿ. ‘ಆಕ್ಸೆಸ್ ಡಿನೈಡ್’ ಎಂದಿದ್ದರೆ ಟೆಂಪ್ಲೇಟಿನಲ್ಲಿ (ಫಂಕ್ಷನ್ನಿನ ವಿವರಗಳನ್ನು ಬರೆದಿಡುವ ಸ್ಯಾಮ್ ಕಡತದಲ್ಲಿ) ಆ ಟೇಬಲನ್ನು ಓದುವ ಅನುಮತಿಯನ್ನಷ್ಟೇ ಸೇರಿಸಿ. ಎಲ್ಲ ಅನುಮತಿಗಳನ್ನೂ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ನನಗಂತೂ ಒಪ್ಪಿಗೆಯಿಲ್ಲ. ‘ಟಾಸ್ಕ್ ಟೈಮ್ಡ್ ಔಟ್’ ಎಂದಿದ್ದರೆ ಕಾಲಮಿತಿಯನ್ನು ನೋಡಿ: ನೀವು ಸೂಚಿಸದಿದ್ದರೆ ಅದು ಕೇವಲ 3 ಸೆಕೆಂಡು.