ಹ್ಯಾಮ್ ಪ್ರಶ್ನೋತ್ತರ: ಪವರ್ ಸಪ್ಲೈಯನ್ನು ತೂಕ ನೋಡಿ ಕೊಳ್ಳಬೇಕೆ?

(ಮೂಡಿಗೆರೆಯಲ್ಲಿ ಮೂವತ್ತು ವರ್ಷ ರೇಡಿಯೊ, ಟೀವಿ ರಿಪೇರಿ ಅಂಗಡಿ ನಡೆಸಿ, ಈಗ ಮನೆಯ ಜಗುಲಿಯಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಸ್ಟೇಷನ್ ಇಟ್ಟುಕೊಂಡಿರುವ ನಮ್ಮ ಅಂಕಣಕಾರರ ಉತ್ತರಗಳು.)

ಸಾರ್, ಲೈಸೆನ್ಸ್ ಬಂತು. 100 ವ್ಯಾಟಿನ ಹಳೇ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಕೊಂಡಿದ್ದೇನೆ. ಪವರ್ ಸಪ್ಲೈ (ಮನೆಯ ಕರೆಂಟನ್ನು ಸೆಟ್ಟಿಗೆ ಬೇಕಾದ 13.8 ವೋಲ್ಟ್ ಡಿಸಿ ಮಾಡುವ ಡಬ್ಬ) ಎರಡು ಸಿಕ್ಕಿವೆ. ಒಂದು ಹನ್ನೆರಡು ಕಿಲೋ ತೂಗುವ ಟ್ರಾನ್ಸ್‌ಫಾರ್ಮರಿನದು, ಇನ್ನೊಂದು ಎರಡು ಕಿಲೋದ ಎಸ್‌ಎಂಪಿಎಸ್ (ಸ್ವಿಚಿಂಗ್ ಸಪ್ಲೈ). ಹಳಬರೆಲ್ಲ ಭಾರ ಇರುವುದೇ ತಗೋ ಅಂತಾರೆ. ನಮ್ಮಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತೆ. ಯಾವುದು ತಗೊಳ್ಳಲಿ? – ಆಲ್ದೂರಿನ ಓದುಗರು

ಆ ಹಳಬರಲ್ಲಿ ನಾನೂ ಒಬ್ಬನಾಗಿದ್ದೆ. ಭಾರದ ಡಬ್ಬದಲ್ಲಿ ಗಲಾಟೆ ಇಲ್ಲ, ರಿಸೀವರಿಗೆ ಒಂದು ಚೂರೂ ಗೊರಗೊರ ಬರಲ್ಲ, ಕೆಟ್ಟರೆ ನಾವೇ ಬಿಚ್ಚಿ ಕೂರಬಹುದು. ಆದರೆ ನಿಮ್ಮ 170 ವೋಲ್ಟ್ ಕೇಳಿದ ಮೇಲೆ ಅದನ್ನು ಹೊತ್ತು ತರಬೇಡಿ ಅಂತಲೇ ಹೇಳುತ್ತೇನೆ. 230ಕ್ಕೆ 18 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ 170ಕ್ಕೆ ಹದಿಮೂರು ಚಿಲ್ಲರೆ ಕೊಡುತ್ತೆ. ಡಯೋಡು ದಾಟಿ ಕೆಪಾಸಿಟರಿನಲ್ಲಿ ನಿಲ್ಲುವುದು ಹದಿನೇಳರ ಆಸುಪಾಸು. ನೀವು ಮೈಕ್ ಒತ್ತಿ 20 ಆಂಪಿಯರ್ ಎಳೆದಿರೋ, ಅದೂ ಕುಸಿಯುತ್ತೆ. 13.8 ನಿಲ್ಲಿಸಲು ರೆಗ್ಯುಲೇಟರಿಗೆ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಸರ್ಕಿಟ್) ಮೇಲೆ ಎರಡು ಮೂರು ವೋಲ್ಟ್ ಉಸಿರಾಡಲು ಬೇಕು, ಅದು ಸಿಗಲ್ಲ. ಆ ಕಡೆಯವರಿಗೆ ನಿಮ್ಮ ಧ್ವನಿಯ ಜತೆ ಜೇನುಗೂಡೂ ಕೇಳಿಸುತ್ತೆ. ಎಸ್‌ಎಂಪಿಎಸ್ ಮೇಲೆ 100ರಿಂದ 240 ಅಂತ ಬರೆದಿದ್ದರೆ 170 ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಿಂದೆ 110/220 ಅಂತ ಕೆಂಪು ಸ್ವಿಚ್ ಇರುವಂಥದ್ದಾದರೆ ಮಾತು ಬೇರೆ. ಅದು ತಾನಾಗಿ ಹೊಂದಿಕೊಳ್ಳಲ್ಲ, ಪ್ಲಗ್ ಹಾಕುವ ಮೊದಲು ಆ ಸ್ವಿಚ್ 220ರ ಕಡೆಗಿದೆಯಾ ನೋಡಿ.

ಮುಂದೆ ದೊಡ್ಡಕ್ಷರದಲ್ಲಿ '30 ಆಂಪಿಯರ್' ಅಂತಿರುತ್ತೆ. ಅದನ್ನು ನಂಬಿ ಹಣ ಕೊಡಬೇಡಿ. ಕೆಳಗೆ ಸಣ್ಣಕ್ಷರದಲ್ಲಿ 'ಕಂಟಿನ್ಯುಯಸ್' (ಬಿಡುವಿಲ್ಲದೆ ಕೊಡಬಲ್ಲದ್ದು) ಎಷ್ಟು ಅಂತ ಹುಡುಕಿ. 100 ವ್ಯಾಟಿನ ಸೆಟ್ 20ರಿಂದ 22 ಎಳೆಯುತ್ತೆ. ಮಾತಾಡುವಾಗ ಏರಿಳಿತ ಇರುತ್ತೆ, ಎಫ್‌ಎಂ ಅಥವಾ ಡಿಜಿಟಲ್ ಮೋಡಿನಲ್ಲಿ ಬಿಡುವೇ ಇರಲ್ಲ. ಕಂಟಿನ್ಯುಯಸ್ 25 ಇದ್ದರೆ ನೆಮ್ಮದಿ.

ಎಲ್ಲಕ್ಕಿಂತ ಮೊದಲು ಅಂಗಡಿಯವರನ್ನು ಕೇಳಬೇಕಾದ್ದು, ವೋಲ್ಟೇಜ್ ಏರಿದರೆ ತಡೆಯುವ ಸರ್ಕಿಟ್ ಇದೆಯಾ ಅಂತ. ಯಾಕೆ ಗೊತ್ತಾ? ನಾನೇ ಕಟ್ಟಿದ ಸಪ್ಲೈ ಒಂದಿತ್ತು. ನಾಲ್ಕು 2ಎನ್3055 ಟ್ರಾನ್ಸಿಸ್ಟರು, ಅಂಗೈಯಗಲದ ಹೀಟ್‌ಸಿಂಕು. ಹನ್ನೊಂದು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಒಂದು ಬೆಳಗ್ಗೆ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಸ್ನೇಹಿತರ ಜತೆ ಮಾತಾಡುತ್ತಿದ್ದೆ, ಸೆಟ್ಟಿನ ಲೈಟು ಇದ್ದಕ್ಕಿದ್ದಂತೆ ಹೊಳೆಯಿತು. ಚೆನ್ನಾಗಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಬೇಕಲೈಟ್ ಸುಟ್ಟ ವಾಸನೆ. ಟ್ರಾನ್ಸಿಸ್ಟರೊಂದು ಒಳಗೇ ಶಾರ್ಟ್ ಆಗಿ ರೆಗ್ಯುಲೇಟರಿನ ಹಿಂದಿನ 24 ವೋಲ್ಟ್ ನೆಟ್ಟಗೆ ಸೆಟ್ಟಿಗೆ ಹೋಗಿತ್ತು. ಮೂವತ್ತು ರೂಪಾಯಿಯ ಎಸ್‌ಸಿಆರ್ (ಸ್ವಿಚ್ಚಿನಂತೆ ಕೆಲಸ ಮಾಡುವ ಬಿಡಿಭಾಗ) ಹಾಕಲು ಸೋಮಾರಿತನ ಮಾಡಿದ್ದೆ. ಅದು ಇರುವ ತಡೆಯುವ ಸರ್ಕಿಟ್ಟಿಗೆ ಕ್ರೋಬಾರ್ ಅಂತ ಹೆಸರು, ನಮ್ಮ ತೋಟದ ಹಾರೆಯೇ. ವೋಲ್ಟೇಜ್ ಹದಿನೈದು ದಾಟಿದ ಕೂಡಲೇ ಪ್ಲಸ್ಸು ಮೈನಸ್ಸಿಗೆ ಹಾರೆ ಅಡ್ಡ ಬಿದ್ದ ಹಾಗೆ ಬಿದ್ದು ಫ್ಯೂಸ್ ಹಾರಿಸುತ್ತೆ. ಫ್ಯೂಸ್ ಹೋಗುತ್ತೆ, ಸೆಟ್ ಉಳಿಯುತ್ತೆ.

ಮಳೆಗಾಲದಲ್ಲಿ ನಮಗೆ ಕರೆಂಟೇ ಇರುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯಿಂದ ನೇರವಾಗಿ ಸೆಟ್ ನಡೆಸಬಹುದೇ? ಬ್ಯಾಟರಿ ಉಗ್ರಾಣದಲ್ಲಿದೆ, ಸೆಟ್ ಆರು ಮೀಟರ್ ದೂರ. – ಬಾಳೆಹೊನ್ನೂರಿನ ಓದುಗರು

ನಡೆಸಬಹುದು, ಆದರೆ ಮೊದಲು ಬ್ಯಾಟರಿ ಎಣಿಸಿ. ಎರಡು ಇದ್ದರೆ ಅದು 24 ವೋಲ್ಟಿನ ಇನ್ವರ್ಟರ್, ಹತ್ತಿರ ಹೋಗಬೇಡಿ. ಒಂದರಿಂದ ಹನ್ನೆರಡು ತೆಗೆದುಕೊಳ್ಳುತ್ತೇನೆ ಅಂದರೂ ಬೇಡ, ಅದೊಂದೇ ಬೇಗ ಸಾಯುತ್ತೆ.

ಒಂದೇ ಬ್ಯಾಟರಿಯಾದರೆ ವೈರ್ ವಿಷಯ. ಎಲೆಕ್ಟ್ರಿಷಿಯನ್ ಬಳಿ ಮಿಕ್ಕಿದ 2.5 ಸ್ಕ್ವೇರ್ ಎಂಎಂ ವೈರ್ ಎಳೆದುಬಿಡುತ್ತಾರೆ ಎಲ್ಲರೂ. ಆರು ಮೀಟರ್ ಅಂದರೆ ಹೋಗಿ ಬಂದು ಹನ್ನೆರಡು. 20 ಆಂಪಿಯರಿಗೆ ಆ ವೈರೇ ಸುಮಾರು 1.8 ವೋಲ್ಟ್ ತಿನ್ನುತ್ತೆ. ಬ್ಯಾಟರಿ ಹತ್ತಿರ 12 ಇದ್ದದ್ದು ಸೆಟ್ಟಿಗೆ ಬರುವಾಗ ಹತ್ತು ಚಿಲ್ಲರೆ. ಮೈಕ್ ಒತ್ತಿದರೆ ಸೆಟ್ ಆಫ್ ಆಗುತ್ತೆ, ಬಿಟ್ಟರೆ ಆನ್ ಆಗುತ್ತೆ, ನೀವು ಸೆಟ್ ರಿಪೇರಿಗೆ ಕಳಿಸುತ್ತೀರಿ! 6 ಹಾಕಿದರೆ ನಷ್ಟ ಮುಕ್ಕಾಲು ವೋಲ್ಟ್, 10 ಹಾಕಿದರೆ ಅರ್ಧಕ್ಕೂ ಕಡಿಮೆ. ಇಲ್ಲವೇ ಸೆಟ್ಟನ್ನೇ ಉಗ್ರಾಣದ ಪಕ್ಕಕ್ಕೆ ತನ್ನಿ, ಖರ್ಚು ಉಳಿಯಿತು.

ಫ್ಯೂಸ್ ಬ್ಯಾಟರಿ ಟರ್ಮಿನಲ್ ಹತ್ತಿರವೇ ಇರಲಿ, ಪ್ಲಸ್ಸಿಗೂ ಮೈನಸ್ಸಿಗೂ. ಸೆಟ್ಟಿನ ಬಳಿ ಹಾಕಿದರೆ ನಡುವಿನ ವೈರನ್ನು ಇಲಿ ಕಡಿದ ದಿನ ಅದು ಸುಮ್ಮನೆ ನೋಡುತ್ತಾ ಕೂರುತ್ತೆ. ಇನ್ವರ್ಟರ್ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಕಕ್ಕುತ್ತೆ, ತಾಮ್ರ ಕೆಂಡವಾಗುತ್ತೆ. ಬೋಲ್ಟ್ ಬಿಗಿ ಮಾಡುವಾಗ ಕೈಯ ಉಂಗುರ, ವಾಚು ತೆಗೆದಿಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಉಗ್ರಾಣದ ಕಿಟಕಿಗೆ ಮೂಟೆ ಒತ್ತರಿಸಬೇಡಿ.

ಎಲ್‌ಇಡಿ ಬೋರ್ಡಿಗೆ ಹಾಕುವ ತೂತುತೂತಿನ ತಗಡಿನ ಸಪ್ಲೈ ಅಗ್ಗಕ್ಕೆ ಸಿಕ್ಕಿತು. ಕೆಲಸ ಮಾಡುತ್ತೆ, ಆದರೆ 7 ಮೆಗಾಹರ್ಟ್ಸ್ ತುಂಬ ಜೀರುಂಡೆ. – ಸಕಲೇಶಪುರದ ಓದುಗರು

ಜೀರುಂಡೆ ಅದರದ್ದೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ: ಸೆಟ್ಟನ್ನು ಬ್ಯಾಟರಿಗೆ ಹಾಕಿ, ಸಪ್ಲೈ ಪ್ಲಗ್ ಕಿತ್ತು ಕೇಳಿ. ಸದ್ದು ನಿಂತರೆ ಅಪರಾಧಿ ಸಿಕ್ಕ. ನಿಲ್ಲದಿದ್ದರೆ ಪಕ್ಕದ ಮನೆಯ ಎಲ್‌ಇಡಿ ಬಲ್ಬಿನವರೆಗೂ ಅನುಮಾನ ಹೋಗಬಹುದು. ಡಿಸಿ ವೈರನ್ನು ಫೆರೈಟ್ ಉಂಗುರಕ್ಕೆ ಆರೇಳು ಸುತ್ತು ಸುತ್ತಿದರೆ ಒಂದಿಷ್ಟು ತಗ್ಗುತ್ತೆ, ಎಸಿ ಕಡೆಗೂ ಹಾಗೇ ಮಾಡಿ. ಅದಕ್ಕಿಂತ ನನಗೆ ಭಯ ಅದರ ಸ್ಕ್ರೂಗಳದ್ದು. 230 ವೋಲ್ಟೂ 12 ವೋಲ್ಟೂ ಒಂದೇ ಸಾಲಿನಲ್ಲಿ ಬೆತ್ತಲೆ. ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಮುಚ್ಚಳ ಮಾಡಿಸಿ.

ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಬಿಚ್ಚಿ 13.8ಕ್ಕೆ ಏರಿಸುವುದು ಹೇಗೆ? – ಚಿಕ್ಕಮಗಳೂರಿನ ಡಿಪ್ಲೊಮಾ ವಿದ್ಯಾರ್ಥಿ

ಈ ವರ್ಷ ಬೇಡಪ್ಪ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 320 ವೋಲ್ಟ್ ಕೂತಿರಬಹುದು. ಅದು ಎಷ್ಟು ಹೊತ್ತು ಕೂರುತ್ತೆ, ಮೀಟರಿನಲ್ಲಿ ಅಳೆದು ಹೇಗೆ ಇಳಿಸಬೇಕು ಅನ್ನುವುದನ್ನು ನಿಮ್ಮ ಲ್ಯಾಬಿನ ಮೇಷ್ಟ್ರ ಎದುರು ಕಲಿತು ಬಾ, ಆಮೇಲೆ ನಾನೇ ಸರ್ಕಿಟ್ ಬರೆದು ಕೊಡುತ್ತೇನೆ.

ಸಪ್ಲೈ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತೆ. ಪ್ಲಗ್ಗಿನ ಮೂರನೇ ಪಿನ್ ಮುರಿದಿದೆ, ಪರವಾಗಿಲ್ಲವೇ? – ಮೂಡಿಗೆರೆಯ ಓದುಗರು

ನಮ್ಮೂರಿನವರೇ ಹೀಗೆ ಕೇಳಿದರೆ ಹೇಗೆ ಮಾರಾಯ್ರೆ! ಆ ಮೂರನೇ ಪಿನ್ನೇ ಅರ್ತ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು ಅದೇ. ಪ್ಲಗ್ ಬದಲಾಯಿಸಿ. ಹಾಗೇ ಮನೆಯ ಹಿಂದಿನ ಅರ್ತ್ ಗುಂಡಿ ನೋಡಿ ಬನ್ನಿ. ಮಾರ್ಚಿನ ಹೊತ್ತಿಗೆ ಅಲ್ಲಿನ ಮಣ್ಣು ಬಿರುಕು ಬಿಟ್ಟಿರುತ್ತೆ, ನಾಲ್ಕು ಕೊಡ ನೀರು ಹಾಕಿ. ಇನ್ನು ಭರಣಿ ಮಳೆಯ ಗುಡುಗು ದೂರದಲ್ಲಿ ಕೇಳಿದ ತಕ್ಷಣ ಸಪ್ಲೈ ಪ್ಲಗ್ ಕಿತ್ತು, ಆಂಟೆನಾ ವೈರ್ ಬಿಚ್ಚಿ ಹೊರಗೆ ಎಸೆಯಿರಿ. ಸ್ವಿಚ್ ಆಫ್ ಮಾಡಿದ್ದೇನೆ ಅಂದರೆ ಸಿಡಿಲು ಕೇಳಲ್ಲ.